ನಾನು ತಪ್ಪಾಗಿ ಹಂಚಿದ ಪಿಂಚಣಿ

ನಮ್ಮ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಕೆಲವೇ ವಾರಗಳಲ್ಲಿ ಮದ್ರಸದ ಉಸ್ತಾದರಿಗೆ ಒಂದು ಕರೆ ಬರುತ್ತದೆ. "ಪಾಲು ಸ್ವಲ್ಪ ಲೆಕ್ಕ ಹಾಕಿ ಕೊಡಬೇಕಿತ್ತು." ಫರಾಇಝ್, ಅಂದರೆ ವಾರಸು ಹಂಚಿಕೆಯ ಶಾಸ್ತ್ರ, ಕಲಿತವನಿಗೆ ಇದು ಗೌರವದ ಕೆಲಸ. 2011ರಲ್ಲಿ ಅಂತಹ ಒಂದು ಕರೆ ನನಗೂ ಬಂತು. ಆಗ ನನಗೆ ಮೂವತ್ತೂ ಆಗಿರಲಿಲ್ಲ. ಮದ್ರಸ ಕಲಿಕೆ ಮುಗಿಸಿ, ದೂರ ಶಿಕ್ಷಣದಲ್ಲಿ ಬಿ.ಎ. ಕೂಡ ಪಾಸು ಮಾಡಿದ್ದೆ. ಎರಡೂ ಕಡೆಯ ವಿದ್ಯೆ ನನ್ನಲ್ಲಿದೆ ಎಂಬ ಸಣ್ಣ ಜಂಭವೂ ಇತ್ತು ಎನ್ನಿ.

ತೀರಿಕೊಂಡವರು ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ಟ್ರು. ಇನ್ನೂ ಸೇವೆಯಲ್ಲಿದ್ದರು. ಮನೆಯಲ್ಲಿ ವೃದ್ಧ ತಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣು ಮಕ್ಕಳು. ತಂದೆ ಮೊದಲೇ ತೀರಿದ್ದರು. ಮಾಸ್ಟ್ರ ಅಣ್ಣ ಮಾತುಕತೆಯ ಮುಂದಾಳು. ಹೆಂಡತಿ ಇದ್ದತ್‌ನಲ್ಲಿದ್ದುದರಿಂದ ಒಳಗಿನ ಕೋಣೆಯಲ್ಲಿದ್ದರು. ಬಾಗಿಲ ಪರದೆಯ ಕೆಳಗೆ ಚಿಕ್ಕ ಮಗಳ ಕಾಲು ಕಾಣುತ್ತಿತ್ತು.

ನಾನು ಪೆನ್ಸಿಲ್ ಹಿಡಿದೆ. ಸತ್ತವರಿಗೆ ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಉಳಿದದ್ದು ಮಕ್ಕಳಿಗೆ, ಮಗನಿಗೆ ಮಗಳ ಎರಡರಷ್ಟು. ಒಟ್ಟು 96 ಪಾಲು ಮಾಡಿದರೆ ಹೆಂಡತಿಗೆ 12, ತಾಯಿಗೆ 16, ಮಗನಿಗೆ 34, ಹೆಣ್ಣು ಮಕ್ಕಳಿಗೆ 17ರಂತೆ. ಲೆಕ್ಕ ಚೊಕ್ಕವಾಗಿ ಕೂಡಿತು. ಮಗನಿರುವಾಗ ಅಣ್ಣನಿಗೆ ಏನೂ ಇಲ್ಲ ಎಂದು ಅವರ ಮುಖಕ್ಕೇ ಹೇಳಿದೆ. ಅವರು ತಲೆಯಾಡಿಸಿ, "ಮಕ್ಕಳ ಪಾಲು ದೊಡ್ಡಪ್ಪನಾದ ನನ್ನ ಕೈಯಲ್ಲಿರಲಿ, ದೊಡ್ಡವರಾದಾಗ ಕೊಡುತ್ತೇನೆ" ಎಂದರು. ಎಲ್ಲರಿಗೂ ಅದು ಸರಿ ಎನಿಸಿತು. ನನಗೂ.

ಆಮೇಲೆ ಯಾರೋ ಕೇಳಿದರು, "ತಿಂಗಳ ಪಿಂಚಣಿ ಬರುತ್ತದಲ್ಲ, ಅದು?" ನಾನು ತಡವರಿಸಲೇ ಇಲ್ಲ. "ಅದೂ ಹೀಗೆಯೇ" ಎಂದೆ. ಕಾಗದ ಒಳಗೆ ಹೋಯಿತು, ಸಹಿಯಾಗಿ ಹೊರಗೆ ಬಂತು.

ಆ ಒಂದು ಮಾತಿನ ಬೆಲೆ ಎಷ್ಟು ಗೊತ್ತೇ? ಲೆಕ್ಕಕ್ಕೆ ಸುಲಭವಾಗಲೆಂದು ಪಿಂಚಣಿ 9,600 ರೂಪಾಯಿ ಎಂದಿಟ್ಟುಕೊಳ್ಳಿ. ಆಕೆ ಬ್ಯಾಂಕಿನಿಂದ ತೆಗೆದು ಅತ್ತೆಗೆ 1,600 ಕೊಡಬೇಕು, ಮಕ್ಕಳ ಪಾಲೆಂದು 6,800 ಭಾವನ ಕೈಗಿಡಬೇಕು. ತನಗೆ ಉಳಿಯುವುದು 1,200. ಮೂರು ಮಕ್ಕಳ ಅನ್ನ, ಬಟ್ಟೆ, ಪುಸ್ತಕ ಎಲ್ಲವೂ ಅದರಲ್ಲೇ. ಮದುವೆಯಾದ ಮೇಲೆ ಬಿಟ್ಟಿದ್ದ ಬೀಡಿ ಗೆರಸೆಯನ್ನು ಆಕೆ ಮತ್ತೆ ಮಡಿಲಿಗೆ ಎಳೆದುಕೊಂಡರು. ಅದನ್ನು ನಾನು ದಾರಿಯಲ್ಲಿ ಹೋಗುವಾಗ ಕಂಡಿದ್ದೆ. ಕಂಡೂ ನನಗೆ ಏನೂ ಹೊಳೆಯಲಿಲ್ಲ.

ಮೂರು ವರ್ಷ ಕಳೆಯಿತು. ಒಂದು ದಿನ ಮಗನನ್ನು ಕರೆದುಕೊಂಡು ಮದ್ರಸಕ್ಕೆ ಬಂದರು. ಹುಡುಗನ ಪಾಠದ ವಿಷಯ ಮಾತಾಡಿ ಹೊರಟವರು ಮೆಟ್ಟಿಲ ಬಳಿ ನಿಂತು ಕೇಳಿದರು:

"ಉಸ್ತಾದರೇ, ಒಂದು ಸಂಶಯ. ಸತ್ತವರು ಬಿಟ್ಟುಹೋದದ್ದನ್ನಲ್ಲವೇ ಹಂಚುವುದು? ಈ ಪಿಂಚಣಿ ಅವರ ಹತ್ತಿರ ಯಾವಾಗ ಇತ್ತು? ಅವರು ಸತ್ತ ಮೇಲೆ ತಾನೇ ಶುರುವಾದದ್ದು?"

ಏಳನೇ ತರಗತಿಯವರೆಗೆ ಓದಿದ ಹೆಣ್ಣು ಮಗಳು ಕೇಳಿದ ಪ್ರಶ್ನೆ. ನಾನು ಕಿತಾಬುಗಳಲ್ಲಿ ವರ್ಷಗಟ್ಟಲೆ ಓದಿದ ವಾರಸು ಶಾಸ್ತ್ರದ ಮೊದಲ ಪಾಠವೇ ಅದು! ಸಾಯುವ ಕ್ಷಣದಲ್ಲಿ ಅವನ ಒಡೆತನದಲ್ಲಿದ್ದದ್ದು ಮಾತ್ರ ತರಿಕ, ಅದನ್ನು ಮಾತ್ರ ಹಂಚಬೇಕು. ಅದೂ ಅಂತ್ಯಕ್ರಿಯೆಯ ಖರ್ಚು, ಮಹರ್ ಬಾಕಿ ಇದ್ದರೆ ಅದೂ ಸೇರಿದಂತೆ ಎಲ್ಲ ಸಾಲ, ನಂತರ ವಸಿಯ್ಯತ್, ಇವೆಲ್ಲ ಕಳೆದ ಮೇಲೆ. "ನೋಡಿ ಹೇಳುತ್ತೇನೆ" ಎಂದು ಮಾತ್ರ ಹೇಳಿದೆ. ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ನನ್ನ ಗುರುಗಳ ಬಳಿಗೆ ಹೋದೆ. ಅವರು ಸಮಾಧಾನದಿಂದ ಕೇಳಿ, "ಕೊಡುವವನು ಯಾರಿಗೆಂದು ಕೊಡುತ್ತಾನೋ ಅದು ಅವರದ್ದು. ಸರಕಾರ ಯಾರ ಹೆಸರಿಗೆ ಕೊಡುತ್ತದೆ, ಹೋಗಿ ಕೇಳು" ಎಂದರು. ಪರಿಚಯದ ನಿವೃತ್ತ ಗುಮಾಸ್ತರೊಬ್ಬರು ನಿಯಮದ ಪುಸ್ತಕವನ್ನೇ ತೆರೆದು ತೋರಿಸಿದರು. ಕರ್ನಾಟಕ ಸರಕಾರಿ ನೌಕರರ ಕುಟುಂಬ ಪಿಂಚಣಿ ನಿಯಮಗಳು, 2002. ಸೇವೆಯಲ್ಲಿದ್ದ ಗಂಡ ಸತ್ತರೆ ಕುಟುಂಬ ಪಿಂಚಣಿಯ ಮೊದಲ ಹಕ್ಕು ವಿಧವೆಯದು, ಆಕೆ ಬದುಕಿರುವವರೆಗೆ ಅಥವಾ ಮರುಮದುವೆಯಾಗುವವರೆಗೆ. ಅದು ಆಸ್ತಿಯಲ್ಲ, ಹಂಚುವ ವಸ್ತುವಲ್ಲ. ಸುಪ್ರೀಂ ಕೋರ್ಟು 1991ರಲ್ಲಿ ವಯಲೆಟ್ ಐಸಾಕ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅಲ್ಲಿ ರೈಲ್ವೆ ನೌಕರರೊಬ್ಬರ ಸಹೋದರ ಉಯಿಲನ್ನು ಮುಂದಿಟ್ಟು ಹಕ್ಕು ಕೇಳಿದ್ದರು. ಕುಟುಂಬ ಪಿಂಚಣಿ ಸತ್ತವರ ಆಸ್ತಿಯ ಭಾಗವಲ್ಲ, ಆದ್ದರಿಂದ ಅದನ್ನು ಉಯಿಲಿನಲ್ಲಿ ಬರೆಯಲೂ ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು.

ಇಲ್ಲೊಂದು ತಮಾಷೆಯಿದೆ. ನಮ್ಮ ಗುರುಗಳು ಇದನ್ನು 'ಕೊಡುಗೆ' ಎಂದರು. ಸುಪ್ರೀಂ ಕೋರ್ಟಾದರೋ 1982ರ ಡಿಸೆಂಬರ್ 17ರ ನಕಾರಾ ತೀರ್ಪಿನಲ್ಲಿ, ಪಿಂಚಣಿ ಎಂಬುದು ಸರಕಾರದ ದಾನವಲ್ಲ, ನೌಕರ ದುಡಿದು ಗಳಿಸಿದ ಹಕ್ಕು ಎಂದಿತ್ತು. ದಾರಿ ಬೇರೆ ಬೇರೆ. ಆದರೆ ವಿಧವೆಯ ಪಿಂಚಣಿಯ ವಿಷಯದಲ್ಲಿ ಎರಡೂ ಬಂದು ನಿಲ್ಲುವುದು ಒಂದೇ ಅಂಗಳದಲ್ಲಿ. ನಾನೊಬ್ಬನೇ ಆ ಅಂಗಳದ ಹೊರಗೆ ನಿಂತಿದ್ದೆ.

ಹಾಗೆಂದು ಎಲ್ಲವೂ ವಿಧವೆಯದ್ದೇ ಎಂದು ತಿಳಿಯಬೇಡಿ. ಮಾಸ್ಟ್ರ ಭವಿಷ್ಯ ನಿಧಿಯಲ್ಲಿದ್ದ ಹಣ, ಸಾಯುವ ದಿನದವರೆಗಿನ ಸಂಬಳದ ಬಾಕಿ, ಇವು ಅವರ ಸ್ವಂತ ದುಡ್ಡು. ಇವನ್ನು ನಾನು 96 ಪಾಲು ಮಾಡಿದ್ದು ಸರಿಯೇ ಆಗಿತ್ತು. ಭವಿಷ್ಯ ನಿಧಿಗೆ ನಾಮಿನಿ ಯಾರಿದ್ದರೂ ಅವರು ಹಣ ಪಡೆಯುವ ಕೈ ಮಾತ್ರ, ವಾರಸುದಾರರ ಪಾಲು ಅಳಿಯುವುದಿಲ್ಲ. 2009ರಲ್ಲಿ ಶಿಪ್ರಾ ಸೇನ್‌ಗುಪ್ತಾ ಎಂಬವರ ಪ್ರಕರಣದಲ್ಲಿ, ಗಂಡ ಮದುವೆಗೆ ಮುಂಚೆ ತಾಯಿಯ ಹೆಸರನ್ನು ನಾಮಿನಿಯಾಗಿ ಬರೆಸಿ ಹಾಗೆಯೇ ಬಿಟ್ಟಿದ್ದರೂ ಹೆಂಡತಿಯ ಪಾಲು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಆದರೂ ಆ ತೀರ್ಪಿಗಾಗಿ ಆಕೆ ಎಷ್ಟು ಮೆಟ್ಟಿಲು ಹತ್ತಬೇಕಾಯಿತು ಯೋಚಿಸಿ.

ಸರಕಾರಿ ಕೆಲಸದಲ್ಲಿರುವ ಸಹೋದರರೇ, ನಿಮ್ಮ ಸೇವಾ ವಹಿಯಲ್ಲಿ ಹೆಂಡತಿಯ ಹೆಸರು ಹೇಗೆ ಬರೆದಿದೆ ಎಂದು ಒಮ್ಮೆ ನೋಡಿದ್ದೀರಾ? ನಮ್ಮಲ್ಲಿ ಒಬ್ಬಳೇ ಹೆಣ್ಣು ಮಗಳು ನಿಕಾಹ್ ಪುಸ್ತಕದಲ್ಲಿ ಝೈನಬ್, ಪಡಿತರ ಚೀಟಿಯಲ್ಲಿ ಜೈನಾಬಿ, ಬ್ಯಾಂಕಿನಲ್ಲಿ ಜೈನಬು. ಮರಣ ಪ್ರಮಾಣಪತ್ರ, ನಾಡಕಚೇರಿಯ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಎಲ್ಲವೂ ಸಿಕ್ಕಿ, ಅರ್ಜಿ ಇಲಾಖೆಯಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಿ, ಹೆಸರು ಹೊಂದುವುದಿಲ್ಲವೆಂದು ಹಿಂದೆ ಬಂದರೆ ಓಡಾಡುವುದು ನೀವಲ್ಲ, ಆಕೆ. 2006ರ ಏಪ್ರಿಲ್ 1 ಮತ್ತು ಅನಂತರ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂದಿದ್ದರಿಂದ ಅವರ ಲೆಕ್ಕ ಬೇರೆ. ಅದನ್ನು ಬದುಕಿರುವಾಗಲೇ ಕಚೇರಿಯಲ್ಲಿ ಕೇಳಿ, ಮನೆಯಲ್ಲಿ ಹೇಳಿಡಿ.

ಕತೆಗೆ ಬರುತ್ತೇನೆ. ಮತ್ತೆ ಅದೇ ಚಾವಡಿಯಲ್ಲಿ ಕುಳಿತೆವು. "ತಪ್ಪು ನನ್ನದು" ಎಂದೆ. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಇನ್ನೊಂದನ್ನೂ ಹೇಳಬೇಕಿತ್ತು. ದೊಡ್ಡಪ್ಪ ಮಕ್ಕಳ ಸೊತ್ತಿಗೆ ತಾನಾಗಿ ಪಾಲಕನಾಗುವುದಿಲ್ಲ. ತಂದೆಯ ಬಳಿಕ ತಂದೆ ನೇಮಿಸಿದವನು, ಅಜ್ಜ, ಅಜ್ಜ ನೇಮಿಸಿದವನು, ಇವರು ಯಾರೂ ಇಲ್ಲದಿದ್ದರೆ ನ್ಯಾಯಾಲಯ. ಅದೂ ನಾನು ಓದಿದ್ದ ಪಾಠವೇ. ಅನ್ನಿಸಾ ಅಧ್ಯಾಯದ ಹತ್ತನೇ ವಚನವನ್ನು ಪ್ರತಿ ವರ್ಷ ಮಕ್ಕಳಿಗೆ ಕಲಿಸುವವನು ನಾನು. ಅನಾಥರ ಸೊತ್ತಿನ ವಿಷಯ ಅದರಲ್ಲಿದೆ.

ಅಣ್ಣನವರ ಮುಖ ಕೆಂಪಾಯಿತು. "ಅಂದು ಒಂದು ಹೇಳಿದಿರಿ, ಇಂದು ಒಂದು ಹೇಳುತ್ತೀರಿ. ನಾಳೆ ಏನು ಹೇಳುತ್ತೀರಿ ಉಸ್ತಾದರೇ?" ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳ ಹಣದಲ್ಲಿ ಬಹುಪಾಲು ಅವರ ಅಂಗಡಿಯೊಳಗೆ ಸೇರಿಹೋಗಿತ್ತು. ಮೇಲಿನ ಲೆಕ್ಕದ ಪ್ರಕಾರವೇ ಹಿಡಿದರೂ ಮೂರು ವರ್ಷಕ್ಕೆ 2,44,800 ರೂಪಾಯಿ.

ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಆ ತಾಯಿಯ ಮಾತು. "ಹೊತ್ತು ಹೆತ್ತವಳು ನಾನು. ಅವನ ದುಡಿಮೆಯಲ್ಲಿ ನನಗೆ ಏನೂ ಇಲ್ಲವೇ?" ನಿಯಮ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಆಚೆಯಿಂದ ಸೊಸೆಯ ಧ್ವನಿ ಬಂತು. "ಅತ್ತೆ, ನಿಮಗೆ ಈಗ ಕೊಡುವುದನ್ನು ನಾನು ನಿಲ್ಲಿಸುವುದಿಲ್ಲ. ಆದರೆ ಅದನ್ನು ನಾನು ಕೊಡುತ್ತೇನೆ, ಕಾಗದ ಕೊಡುವುದು ಬೇಡ."

ಹಳೆಯ ಕಾಗದವನ್ನು ಅಲ್ಲಿಯೇ ಹರಿದೆವು. ಮುಂದಿನ ತಿಂಗಳಿನಿಂದ ಪಿಂಚಣಿ ಆಕೆಯ ಕೈಯಲ್ಲೇ ಉಳಿಯಿತು. ಅತ್ತೆ ತೀರಿಕೊಳ್ಳುವವರೆಗೂ ಪ್ರತಿ ತಿಂಗಳು ಆ ಹಣ ತಪ್ಪಲಿಲ್ಲ. ಅಣ್ಣನವರು ಕಂತುಕಂತಾಗಿ ಹಿಂದಿರುಗಿಸಲು ಒಪ್ಪಿದರು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟಿದ್ದಾರೆ. ದೊಡ್ಡ ಮಗಳ ಮದುವೆಗೆ ಅವರೂ ಬಂದಿದ್ದರು, ನಾನೂ ಹೋಗಿದ್ದೆ. ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. ಬಾಕಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.