ಬೆರಳಚ್ಚಿಗೆ ಎರಡು ಅರ್ಥ

ಕನ್ನಡದಲ್ಲಿ ‘ಬೆರಳಚ್ಚು’ ಎಂಬ ಒಂದೇ ಪದಕ್ಕೆ ಎರಡು ಕೆಲಸ. ಕಳವಾದ ಮನೆಯ ಬೀರುವಿನ ಮೇಲೆ ಪೊಲೀಸರು ಪುಡಿ ಉದುರಿಸಿ ಹುಡುಕುವುದೂ ಬೆರಳಚ್ಚು, ಕೋರ್ಟಿನ ಎದುರು ಕೂತು ಅರ್ಜಿ ಟೈಪ್ ಮಾಡುವುದೂ ಬೆರಳಚ್ಚು. ಮೊದಲನೆಯದನ್ನು ಬಿಟ್ಟು ಹೋದವನು ಸಿಕ್ಕಿಬೀಳಬಹುದು. ಎರಡನೆಯದನ್ನು ಬಲ್ಲವನು ಅದರಲ್ಲೇ ಹೊಟ್ಟೆ ಹೊರೆಯಬಹುದು. ಬಹಳ ಕಾಲ ಈ ಎರಡು ಅರ್ಥಗಳು ತಮ್ಮ ಪಾಡಿಗೆ ತಾವು ಇದ್ದವು. ಟಚ್ ಸ್ಕ್ರೀನ್ ಬಂದ ಮೇಲೆ ಎರಡೂ ಒಂದೇ ಗಾಜಿನ ಮೇಲೆ, ಒಂದೇ ಕ್ಷಣದಲ್ಲಿ ಆಗತೊಡಗಿದವು. ಅಕ್ಷರ ಒತ್ತಿದ ಬೆರಳು ತನ್ನ ಗುರುತನ್ನೂ ಒತ್ತಿ ಹೋಗುತ್ತದೆ. ಆ ಗುರುತಿಗೆ ನಾವು ‘ಕಲೆ’ ಎನ್ನುತ್ತೇವೆ. ಅದಕ್ಕೂ ಎರಡು ಅರ್ಥ ಇದೆ, ಆದರೆ ಗಾಜು ಒರೆಸುವವರಿಗೆ ಅದರಲ್ಲಿ ಒಂದೇ ಕಾಣುತ್ತದೆ.

ಶಿವಾಜಿನಗರ ಎಂದರೆ ಕರ್ನಾಟಕದ ಓದುಗರಿಗೆ ಬೆಂಗಳೂರಿನ ರಸೆಲ್ ಮಾರ್ಕೆಟ್ ನೆನಪಾದೀತು. ಇದು ಪುಣೆಯ ಶಿವಾಜಿನಗರ. ಜಿಲ್ಲಾ ನ್ಯಾಯಾಲಯ, ರೈಲು ನಿಲ್ದಾಣ, ಕೃಷಿ ಕಾಲೇಜು, ಫರ್ಗ್ಯೂಸನ್ ಕಾಲೇಜು ರಸ್ತೆ, ಜಂಗಲಿ ಮಹಾರಾಜ ರಸ್ತೆ ಎಲ್ಲ ಆಸುಪಾಸಿನಲ್ಲೇ ಇವೆ. 2023ರ ಆಗಸ್ಟ್ 1ರಂದು ಇಲ್ಲಿಗೆ ಮೆಟ್ರೋ ಬಂತು. ಕೋರ್ಟಿನ ಪಕ್ಕದಲ್ಲೇ ಎರಡು ಮಾರ್ಗಗಳು ಕೂಡುತ್ತವೆ. ಟಿಕೆಟ್ ಕೊಡುವ ಯಂತ್ರದ ಮುಂದೆ ನಿಂತವರು ಗಾಜನ್ನು ಮುಟ್ಟಿ ಊರಿನ ಹೆಸರು ಆರಿಸುತ್ತಾರೆ. ಸಂಜೆಯ ಹೊತ್ತಿಗೆ ಆ ಗಾಜನ್ನು ಓರೆಯಾಗಿ ನೋಡಿದರೆ, ದಿನವಿಡೀ ಯಾವ ಗುಂಡಿಗೆ ಹೆಚ್ಚು ಕೆಲಸ ಬಿತ್ತು ಎಂಬುದು ಮಸುಕಿನಲ್ಲೇ ಗೊತ್ತಾಗುತ್ತದೆ.

ಈ ಬಡಾವಣೆಗೂ ಕನ್ನಡಕ್ಕೂ ಹಳೆಯ ನಂಟಿದೆ, ಅದು ಬೆಸೆದದ್ದು ಸಾಂಬಾರಿನ ಮೂಲಕ. ಕರಾವಳಿಯಿಂದ ಬಂದು ಫರ್ಗ್ಯೂಸನ್ ಕಾಲೇಜು ರಸ್ತೆಯಲ್ಲಿ ‘ವೈಶಾಲಿ’, ‘ರೂಪಾಲಿ’ ಹೋಟೆಲುಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರಲ್ಲಿ ತೀರಿಕೊಂಡಾಗ ಪುಣೆಯ ಮರಾಠಿಗರು ತಮ್ಮ ಮನೆಯವರನ್ನೇ ಕಳೆದುಕೊಂಡಂತೆ ಮಾತಾಡಿದರು. ಅಂಥ ದೊಡ್ಡ ಹೆಸರುಗಳ ನೆರಳಲ್ಲಿ ಹೆಸರಿಲ್ಲದ ಚಿಕ್ಕ ಹೋಟೆಲುಗಳೂ ಇವೆ. ಅಂಥದೊಂದರ ಗಲ್ಲೆಯಲ್ಲಿ ಕೂರುವವರು ಬೈಂದೂರು ಕಡೆಯವರು. ಹುಡುಗನಾಗಿದ್ದಾಗ ಕ್ಲೀನರ್ ಆಗಿ ಬಂದು, ಸಪ್ಲಯರ್ ಆಗಿ, ಈಗ ಐವತ್ತು ದಾಟಿದ ಮೇಲೆ ಗಲ್ಲೆಗೆ ಏರಿದ್ದಾರೆ. ಹುಡುಗರಿಗೆಲ್ಲ ಅವರು ‘ಅಣ್ಣ’. ಅವರ ಮುಂದೆ ಮೊದಲು ಬಿಲ್ ಪುಸ್ತಕವೂ ಮರದ ಗಲ್ಲಾಪೆಟ್ಟಿಗೆಯೂ ಇದ್ದವು. ಈಗ ಟಚ್ ಸ್ಕ್ರೀನ್ ಇದೆ.

ಆ ಸ್ಕ್ರೀನು ಮಧ್ಯಾಹ್ನದೊಳಗೆ ಜಿಡ್ಡು ಹಿಡಿಯುತ್ತಿತ್ತು. ಸಪ್ಲಯರ್ ತುಪ್ಪದ ಕೈಯಲ್ಲೇ ಬಂದು ಆರ್ಡರ್ ಒತ್ತುತ್ತಾನೆ, ಒಳಗಿನಿಂದ ಭಟ್ಟರು ಹಿಟ್ಟಿನ ಕೈಯಲ್ಲಿ ಇಣುಕುತ್ತಾರೆ. ಅಣ್ಣ ಮೊದಲು ಮೇಜು ಒರೆಸುವ ಬಟ್ಟೆಯನ್ನೇ ಗಾಜಿಗೂ ಎಳೆಯುತ್ತಿದ್ದರು. ಒಂದು ಕಡೆಯ ಎಣ್ಣೆ ಇನ್ನೊಂದು ಕಡೆಗೆ ಹೋಗುತ್ತಿತ್ತು ಅಷ್ಟೇ. ಆಮೇಲೆ ಅಂಗಿಯ ತುದಿ, ಟಿಶ್ಯೂ ಕಾಗದ, ಮೇಜಿಗೆ ಹೊಡೆಯುವ ಸ್ಪ್ರೇ ಎಲ್ಲವೂ ಆದವು. ಒದ್ದೆ ಗಾಜಿನ ಮೇಲೆ ಸ್ಕ್ರೀನು ತಾನಾಗಿಯೇ ಎರಡು ಮಸಾಲೆ ದೋಸೆ ಬಿಲ್ ಮಾಡಿದ ದಿನ ಸ್ಪ್ರೇ ನಿಂತಿತು. ಅದು ಸ್ಕ್ರೀನಿನ ತಪ್ಪಲ್ಲ. ಇಂಥ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಪದರವಿರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿ ಆಗುವ ಬದಲಾವಣೆಯನ್ನು ಅದು ಮುಟ್ಟುವಿಕೆ ಎಂದು ಓದುತ್ತದೆ. ನೀರಿನ ಹನಿಯೂ ಅದಕ್ಕೆ ಬೆರಳಿನಂತೆ ಕಾಣಬಹುದು.

ಕಲೆ ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಬೆರಳ ತುದಿಯಲ್ಲಿ ಎಣ್ಣೆ ಒಸರುವ ಗ್ರಂಥಿಗಳೇ ಇಲ್ಲ, ಬೆವರಿನ ಗ್ರಂಥಿಗಳು ಮಾತ್ರ ಇವೆ. ಬೆವರು ಹೆಚ್ಚುಕಡಿಮೆ ನೀರೇ, ಆರಿಹೋಗುತ್ತದೆ. ಆರದೆ ಉಳಿಯುವ ಜಿಡ್ಡನ್ನು ಬೆರಳು ಬೇರೆ ಕಡೆಯಿಂದ ತರುತ್ತದೆ: ಹಣೆ, ಮೂಗು, ಕೂದಲು, ತಟ್ಟೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬೈತಲೆ ತೆಗೆದ ಕೈಯ ಕಥೆಯನ್ನು ಫೋನು ದಿನವಿಡೀ ಹೇಳುತ್ತಿರುತ್ತದೆ.

ಫೋನ್ ಮಾಡುವವರಿಗೆ ಇದು ಗೊತ್ತು. 2009ರ ಐಫೋನ್ 3ಜಿಎಸ್‌ನಿಂದ ಗಾಜಿನ ಮೇಲೆ ಎಣ್ಣೆಗೆ ಒಗ್ಗದ ತೆಳು ಲೇಪನ ಹಾಕುವುದು ರೂಢಿಗೆ ಬಂತು. ನಾನ್‌ಸ್ಟಿಕ್ ತವೆಯ ಲೇಪನದಂತೆ ಇದೂ ಫ್ಲೋರಿನ್ ಸಂಯುಕ್ತಗಳ ಬಳಗದ್ದೇ. ಕಲೆಯಾಗುವುದನ್ನು ಅದು ತಪ್ಪಿಸುವುದಿಲ್ಲ. ಆದ ಕಲೆ ಹರಡದೆ, ಒಂದೇ ಒರೆಸಿಗೆ ಬರುವಂತೆ ಮಾಡುತ್ತದೆ. ನಾನ್‌ಸ್ಟಿಕ್ ತವೆಯನ್ನು ಸ್ಟೀಲ್ ನಾರಿನಿಂದ ಉಜ್ಜಿದರೆ ಏನಾಗುತ್ತದೋ, ಒರಟಾಗಿ ಉಜ್ಜಿದ ಗಾಜಿಗೂ ಅದೇ ಆಗುತ್ತದೆ. ಟೂತ್‌ಪೇಸ್ಟ್, ಉಗುರುಬಣ್ಣ ತೆಗೆಯುವ ದ್ರವ, ಅಮೋನಿಯಾ ಇರುವ ಕಿಟಕಿ ಕ್ಲೀನರ್, ಬ್ಲೀಚ್ ಇವೆಲ್ಲ ಗಾಜಿಗಿಂತ ಮೊದಲು ಲೇಪನವನ್ನು ತಿನ್ನುತ್ತವೆ.

ಅಣ್ಣ ಕೊನೆಗೆ ಹಿಡಿದ ಕ್ರಮ ಸರಳವಾದದ್ದು. ಯಾವ ಮನೆಯಲ್ಲೂ ನಡೆಯುತ್ತದೆ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ, ಸ್ಕ್ರೀನು ಆನ್ ಮಾಡುವ ಮೊದಲೇ ಒರೆಸುವುದು. ಕಪ್ಪು ಗಾಜಿನಲ್ಲಿ ಕಲೆ ಚೆನ್ನಾಗಿ ಕಾಣುತ್ತದೆ, ತಪ್ಪು ಬಿಲ್ಲೂ ಆಗುವುದಿಲ್ಲ. ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರಾಗಿ ಧೂಳು ತೆಗೆಯುವುದು. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಗಾಜಿಗಿಂತ ಗಟ್ಟಿ. ಒತ್ತಿ ಒರೆಸಿದರೆ ಕಲೆ ಹೋಗಿ ಗೀರು ಬರುತ್ತದೆ. ಆಮೇಲೆ ಬಟ್ಟೆಯ ಒಂದು ಮೂಲೆಗೆ ಮಾತ್ರ ಸ್ವಲ್ಪ ಶುದ್ಧ ನೀರು, ಗಾಜಿಗೆ ನೇರವಾಗಿ ಏನನ್ನೂ ಸುರಿಯಬಾರದು. ನೀರಿಗೆ ಬಗ್ಗದ ತುಪ್ಪಕ್ಕೆ, ಅಥವಾ ರೋಗದ ಭಯವಿದ್ದಾಗ, ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಒರಸು. ಅದನ್ನೂ ದಿನಕ್ಕೆ ಹತ್ತು ಸಲ ಅಲ್ಲ. ಕೊನೆಗೆ ಒಣ ಮೂಲೆಯಿಂದ ಮತ್ತೊಮ್ಮೆ. ಆ ಬಟ್ಟೆಗೆ ಬೇರೆಯೇ ಮೊಳೆ. ಅದು ಮೇಜಿಗೆ ಇಳಿಯುವಂತಿಲ್ಲ. ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರವ ಹಾಕುವಂತಿಲ್ಲ, ಹಾಕಿದರೆ ಅದರ ಎಳೆಗಳು ಜಿಡ್ಡು ಹೀರುವುದನ್ನು ಬಿಡುತ್ತವೆ.

ಇಷ್ಟು ಶಿಸ್ತು ಬರೀ ಚಂದಕ್ಕಲ್ಲ. 2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಗಾಜಿನ ಮೇಲೆ ಉಳಿದ ಜಿಡ್ಡಿನ ಗೆರೆಯನ್ನು ಓರೆ ಬೆಳಕಿನಲ್ಲಿ ಫೋಟೋ ತೆಗೆದರೆ ಫೋನ್ ತೆರೆಯಲು ಎಳೆಯುವ ಗೆರೆಯ ವಿನ್ಯಾಸವನ್ನೇ ಓದಬಹುದು ಎಂದು ತೋರಿಸಿದರು. ಗಲ್ಲೆಯ ಸ್ಕ್ರೀನಿಗೂ ನಾಲ್ಕಂಕಿಯ ಗುಟ್ಟು ಇರುತ್ತದೆ. ನಾಲ್ಕೇ ಅಂಕಿಗಳ ಮೇಲೆ ಜಿಡ್ಡು ಕೂತಿದ್ದರೆ ಗುಟ್ಟಿನ ಬಹುಪಾಲು ಹೊರಗೆ ಬಂದಂತೆಯೇ. ಬಿಡುವಾದಾಗಲೆಲ್ಲ ಒಂದು ಸಲ ಬಟ್ಟೆ ಆಡಿಸುವುದು ಬೀಗ ಎಳೆದು ನೋಡಿದ ಹಾಗೆ.

ಆದರೆ ಅಣ್ಣನ ಮನೆಯಲ್ಲಿ ತೊಂದರೆ ಇದಕ್ಕೆ ತೀರ ಉಲ್ಟಾ. ಇಲ್ಲಿ ಗಾಜಿನಿಂದ ಗುರುತು ಹೋಗುವುದಿಲ್ಲ, ಅಲ್ಲಿ ಗಾಜಿನ ಮೇಲೆ ಗುರುತು ಮೂಡುವುದಿಲ್ಲ. ಊರಿನಲ್ಲಿರುವ ತಾಯಿ ಹತ್ತಾರು ವರ್ಷ ಬೀಡಿ ಕಟ್ಟಿದವರು. ಎಲೆ ಕತ್ತರಿಸಿ, ಸುರುಳಿ ಸುತ್ತಿ, ತುದಿ ಮಡಚಿ ಬೆರಳಿನ ಗೆರೆಗಳು ಸವೆದಿವೆ. ರೇಷನ್ ಅಂಗಡಿಯ ಚಿಕ್ಕ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ಒಪ್ಪುವುದಿಲ್ಲ. ಎರಡು ತಿಂಗಳು ಅವರು ಬರಿಗೈಯಲ್ಲಿ ಮರಳಿದರು. ಮಗನಿಗೆ ಫೋನಿನಲ್ಲಿ ಕೇಳಿದ್ದು ಒಂದೇ: “ನನ್ ಬೆರಳು ನಂದಲ್ದಾ ಮಗಾ?”

ಆ ಪ್ರಶ್ನೆಯ ಬೇರು ನಮ್ಮ ನೆಲದಲ್ಲೇ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರ ಮುಂದೆ ಮಾತು ತಪ್ಪದಿರಲೆಂದು ಒಪ್ಪಂದದ ಹಿಂಬದಿಗೆ ಅವನ ಅಂಗೈ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾಯಿತು. ಅಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಶ್ರಮಿಸಿ ರೂಪಿಸಿದ ವಿಂಗಡಣೆ ಲೋಕಕ್ಕೆಲ್ಲ ಗೊತ್ತಾದದ್ದು ಅವರ ಮೇಲಧಿಕಾರಿ ಹೆನ್ರಿಯ ಹೆಸರಿನಲ್ಲಿ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳನ್ನು ಕೊಟ್ಟರು. ಒಂದು ಕಾಲಕ್ಕೆ ‘ಹೆಬ್ಬೆಟ್ಟು’ ಎಂದರೆ ಓದು ಬಾರದವರನ್ನು ಹಂಗಿಸುವ ಮಾತು. ಈಗ ಓದಿದವರೂ ಹೆಬ್ಬೆಟ್ಟೇ ಒತ್ತುತ್ತಾರೆ. ಅವಮಾನ ಮಾತ್ರ ಹೋಗಲಿಲ್ಲ, ಜಾಗ ಬದಲಿಸಿತು. ಮೊದಲು ಹೆಬ್ಬೆಟ್ಟು ಒತ್ತಿದವರು ತಲೆ ತಗ್ಗಿಸುತ್ತಿದ್ದರು, ಈಗ ಒತ್ತಿದರೂ ಮೂಡದವರು ತಗ್ಗಿಸುತ್ತಾರೆ.

ಗೆರೆ ಉಳಿಸಿಕೊಂಡವರು ಹೆಚ್ಚಾಗಿ ಕೈಯಿಂದ ಒರಟು ಕೆಲಸ ಮಾಡದವರು. ಪಾತ್ರೆ ತಿಕ್ಕುವವರು, ಸಿಮೆಂಟು ಕಲಸುವವರು, ಬೀಡಿ ಕಟ್ಟುವವರು ದುಡಿದಷ್ಟೂ ತಮ್ಮ ಗುರುತನ್ನೇ ಸವೆಸುತ್ತಾರೆ. ದುಡಿದವರಿಗೇ ಅಕ್ಕಿ ಸಿಗದ ಈ ಲೆಕ್ಕದಲ್ಲಿ ಬೆರಳಿನ ತಪ್ಪೇನೂ ಇಲ್ಲ.

ಆದರೂ ಮಾಡಬಹುದಾದ ಕೆಲವು ಸಣ್ಣ ಕೆಲಸಗಳಿವೆ, ಅವು ಅಣ್ಣನಿಗೆ ಗಲ್ಲೆಯಲ್ಲೇ ಕಲಿತ ವಿದ್ಯೆ. ಮುಂದಿನ ಸಲ ಊರಿಗೆ ಹೋದಾಗ ಮೈಕ್ರೋಫೈಬರ್ ಬಟ್ಟೆಯೊಂದನ್ನು ಕಿಸೆಯಲ್ಲಿಟ್ಟುಕೊಂಡು ತಾಯಿಯ ಜೊತೆ ಸಾಲಿನಲ್ಲಿ ನಿಂತರು. ತಮಗಿಂತ ಮುಂಚೆ ಬಂದವರೆಲ್ಲರ ಬೆವರು ಯಂತ್ರದ ಗಾಜಿನ ಮೇಲೆ ಮಬ್ಬಾಗಿ ಕೂತಿತ್ತು. ಅಂಗಡಿಯವರನ್ನು ಕೇಳಿ ಒರೆಸಿದರು. ಒಣಗಿ ಬಿರುಕಾಗಿದ್ದ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ, ನೀರು ಉಳಿಯದಂತೆ ಒತ್ತಿ, ಒಂದೊಂದನ್ನೇ ಇಟ್ಟು ನೋಡಿದರು. ಬಲ ಹೆಬ್ಬೆಟ್ಟು ಇಲ್ಲ, ತೋರುಬೆರಳು ಇಲ್ಲ, ನಡುಬೆರಳೂ ಇಲ್ಲ. ಬೀಡಿ ಕಟ್ಟುವಾಗ ಅಷ್ಟಾಗಿ ಕೆಲಸವಿಲ್ಲದ ಎಡಗೈಯ ಉಂಗುರ ಬೆರಳಿಗೆ ಯಂತ್ರ ‘ಹೌದು’ ಎಂದಿತು. ಅದೂ ಆಗದಿದ್ದರೆ ಕಣ್ಣಿನ ಪಾಪೆಯಿಂದಲೋ ಮುಖದಿಂದಲೋ ಗುರುತಿಸುವ ವ್ಯವಸ್ಥೆ ಕೆಲವು ಕಡೆ ಇದೆ. ಬೆರಳಚ್ಚನ್ನು ಹೊಸದಾಗಿ ತೆಗೆಸಿ ಆಧಾರ್ ತಿದ್ದಿಸಲೂ ಬರುತ್ತದೆ. ಸಾಲಿನಲ್ಲಿ ನಿಂತ ಮುದುಕಿಗೆ ಯಾರಾದರೂ ಅದನ್ನು ಹೇಳಬೇಕು.

ಪುಣೆಗೆ ಮರಳುವ ಮೊದಲು ಅಣ್ಣ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಚೀಟಿ ಇಟ್ಟರು: ‘ಎಡಗೈ, ಉಂಗುರ ಬೆರಳು.’ ಬಟ್ಟೆಯನ್ನೂ ಅಲ್ಲೇ ಬಿಟ್ಟರು. ತಾಯಿ ಅದನ್ನು ಮಡಚಿ ಕಾರ್ಡಿನ ಜೊತೆಗಿಟ್ಟರು, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.