ಮಿರಗಕ್ಕೆ ಟೆಂಡರು ಇಲ್ಲ

ಪತ್ರಿಕೆಯಲ್ಲಿ ಯಾರೂ ಓದದ ಬರಹ ಯಾವುದು ಎಂದು ಕೇಳಿದರೆ ಸಂಪಾದಕೀಯ ಎಂದು ಕೆಲವರು ತಮಾಷೆ ಮಾಡಿಯಾರು. ನನ್ನ ಪ್ರಕಾರ ಆ ಪಟ್ಟ ಟೆಂಡರ್ ಪ್ರಕಟಣೆಗೆ ಸಲ್ಲಬೇಕು. ಸಾಸಿವೆ ಕಾಳಿನಂಥ ಅಕ್ಷರ, ಉಸಿರು ಬಿಡಲು ಜಾಗ ಕೊಡದ ವಾಕ್ಯ, ಕೊನೆಗೆ ‘ಯಾವುದೇ ಟೆಂಡರನ್ನು ತಿರಸ್ಕರಿಸುವ ಹಕ್ಕನ್ನು ಕಾಯ್ದಿರಿಸಲಾಗಿದೆ’ ಎಂಬ ಗದರಿಕೆ. ಗುತ್ತಿಗೆದಾರರನ್ನು ಬಿಟ್ಟರೆ ಅದರ ಮೇಲೆ ಕಣ್ಣಾಡಿಸುವವರೇ ವಿರಳ. ಮಣ್ಣು, ನೀರು, ಮರಗಳ ಉಸ್ತುವಾರಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಹೊಟ್ಟೆ ಹೊರೆದ ನಾನು ಇಂಥ ಪ್ರಕಟಣೆಗಳನ್ನು ಬರೆದವನು. ನಿವೃತ್ತನಾದ ಮೇಲೂ ಬಿಡದೆ ಓದುವವನು.

ಓದಿ ನೋಡಿ, ಅದರಲ್ಲಿ ಒಂದು ಜಿಲ್ಲೆಯ ಇಡೀ ವರ್ಷವೇ ಇರುತ್ತದೆ. ಚಳಿಗಾಲದಲ್ಲಿ ನರ್ಸರಿಗೆ ಪಾಲಿಥೀನ್ ಚೀಲ, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೇಕು. ಬಿಸಿಲು ಏರಿದಂತೆ ಬೆಂಕಿ ರೇಖೆ ತೆಗೆಯಬೇಕು, ಟ್ಯಾಂಕರಿನಲ್ಲಿ ನೀರು ಬೇಕು. ಮೇ ತಿಂಗಳಲ್ಲಿ ಗುಂಡಿ ತೋಡಬೇಕು, ಜೂನಿನಲ್ಲಿ ಸಸಿ ಸಾಗಿಸಲು ಲಾರಿ ಬೇಕು. ಬೀದರ ರಾಜ್ಯದಲ್ಲಿ ಕಾಡು ಕಡಿಮೆಯಿರುವ ಜಿಲ್ಲೆಗಳಲ್ಲೊಂದು. ಇಲ್ಲಿ ಕಾಡು ತಾನಾಗಿ ಬೆಳೆದು ನಿಲ್ಲುವುದು ಅಪರೂಪ, ಚೀಲದಲ್ಲಿ ಹುಟ್ಟಿ ಲಾರಿ ಏರಿ ಗುಂಡಿಗೆ ಬರುವುದೇ ಹೆಚ್ಚು. ಆದ್ದರಿಂದ ನಮ್ಮ ರಸ್ತೆ ಬದಿಯ ಹೊಂಗೆ, ಬೇವಿನ ಮರಗಳಿಗೆಲ್ಲ ಒಂದೊಂದು ಟೆಂಡರಿನ ಜಾತಕ ಇರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ನಮ್ಮ ಭಾಗಕ್ಕೆ ಈ ವ್ಯವಹಾರ ಹೊಸದೇನೂ ಅಲ್ಲ. ನಿಜಾಮರ ಕಾಲದಲ್ಲಿ ಅಬಕಾರಿಯನ್ನು ಗುತ್ತಾ ಹಿಡಿದವರು ಗುತ್ತೇದಾರರಾದರು. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಗುತ್ತೇದಾರ ಎಂಬುದು ಮನೆತನದ ಹೆಸರಾಗಿ ಇಂದಿಗೂ ಉಳಿದಿದೆ. ಹರಾಜು ಎಂಬ ಮಾತೂ ಆ ಕಡೆಯಿಂದಲೇ ಬಂದದ್ದು. ಭಾಲ್ಕಿ, ಔರಾದಗಳಲ್ಲಿ ಮರಾಠಿ ಪತ್ರಿಕೆ ತರಿಸುವ ಮನೆಗಳಲ್ಲಿ ಇದೇ ಟೆಂಡರು ‘ನಿವಿದಾ’ ಎಂದು ಬರುತ್ತದೆ. ಭಾಷೆ ಯಾವುದಾದರೂ ಕೇಳುವುದು ಒಂದೇ: ಯಾರು ಕಡಿಮೆಗೆ ಕೊಡುತ್ತೀರಿ?

ನಾನು ಕೆಲಸಕ್ಕೆ ಸೇರಿದಾಗ ಟೆಂಡರ್ ಪೆಟ್ಟಿಗೆಯ ಕಾಲ. ಬೀಗ ಹಾಕಿದ ತಗಡಿನ ಪೆಟ್ಟಿಗೆ, ಅದರ ನೆತ್ತಿಯ ಮೇಲೊಂದು ಸೀಳು. ಅರಗು ಒತ್ತಿದ ಲಕೋಟೆಗಳು ಅದರೊಳಗೆ ಬೀಳಬೇಕು. ಔರಾದದ ಕಡೆಯ ಒಬ್ಬ ಸಣ್ಣ ಗುತ್ತಿಗೆದಾರ ದರ ಹಾಕಬೇಕೆಂದರೆ ಸುಮಾರು ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಬೀದರಕ್ಕೆ ಬಂದು ಅರ್ಜಿ ಫಾರಂ ಕೊಳ್ಳಬೇಕು, ಇ.ಎಂ.ಡಿ.ಗೆ ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಬೇಕು, ಮತ್ತೊಂದು ದಿನ ಬಂದು ಲಕೋಟೆ ಹಾಕಬೇಕು. ಫಾರಂ ಮುಗಿದಿದೆ ಎಂಬ ಉತ್ತರ, ಪೆಟ್ಟಿಗೆಯ ಸುತ್ತ ನಿಂತ ಹುರಿಯಾಳುಗಳು, ಲಕೋಟೆ ಹಾಕುವ ಮೊದಲೇ ಚಹಾದಂಗಡಿಯಲ್ಲಿ ಪಾಲು ಹಂಚಿಕೊಂಡವರು – ಇವೆಲ್ಲ ನಾಡಿನ ಉದ್ದಗಲಕ್ಕೂ ಕೇಳಿಬರುತ್ತಿದ್ದ ಕಥೆಗಳೇ.

ಇದಕ್ಕೆ ಮದ್ದೆಂದು ಬಂದದ್ದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ತಮಿಳುನಾಡು 1998ರಲ್ಲಿ ಇಂಥ ಕಾನೂನು ಮಾಡಿತ್ತು. ನಮ್ಮದು 1999ರದು, ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಜಿಲ್ಲೆಗೊಂದು ಟೆಂಡರ್ ಬುಲೆಟಿನ್ ಎಂದಿತು. ನಿಯಮಗಳು ಹೊರಬಂದಾಗ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶವಿರಬೇಕು, ಕಡಿಮೆ ಮಾಡುವುದಾದರೆ ಮೇಲಧಿಕಾರಿ ಕಾರಣ ಬರೆದಿಡಬೇಕು ಎಂದಿತ್ತು. ಅನ್ಯಾಯವಾಯಿತು ಎಂದುಕೊಂಡವನಿಗೆ 30 ದಿನದೊಳಗೆ ಮೇಲ್ಮನವಿಯ ದಾರಿ ಸಿಕ್ಕಿತು. 2007ರಿಂದ ಪೆಟ್ಟಿಗೆ ಕಂಪ್ಯೂಟರಿಗೆ ಜಾಗ ಬಿಡತೊಡಗಿತು. ಔರಾದದವನು ಈಗ ಡಿಜಿಟಲ್ ಸಹಿ ಮಾಡಿಸಿಕೊಂಡು ಊರಲ್ಲೇ ಕುಳಿತು ದರ ಹಾಕಬಹುದು. ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರಿಗೆ ಮೀಸಲಾತಿಯೂ ಬಂತು. ಅದರ ಮಿತಿಯನ್ನು 2023ರಲ್ಲಿ 50 ಲಕ್ಷದಿಂದ 1 ಕೋಟಿಗೆ ಏರಿಸಿದರು. ಸರ್ಕಾರ ಏನೂ ಮಾಡಿಲ್ಲ ಎನ್ನುವವರ ಜೊತೆ ನಾನು ಕೂಡಿಕೊಳ್ಳುವುದಿಲ್ಲ. ಬಾಗಿಲು ತೆರೆದದ್ದು ನಿಜ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬರುವ ಸರಕು ಸರಿಯಾಗುವುದಿಲ್ಲ. ಜನ ಟೆಂಡರು ಎಂದರೆ ಕೊನೆಯ ಅಂಕಿಯನ್ನೇ ನೋಡುತ್ತಾರೆ: ಯಾರು ಕಡಿಮೆ, ಎಷ್ಟು ಕಡಿಮೆ? ನಾನು ಎಷ್ಟೋ ತುಲನಾತ್ಮಕ ತಃಖ್ತೆಗಳನ್ನು ಗೀಟು ಹಾಕಿ ಬರೆದವನು. ಆ ಅನುಭವದಿಂದ ಹೇಳುತ್ತೇನೆ, ಟೆಂಡರಿನ ಹಣೆಬರಹ ಇರುವುದು ಕೊನೆಯ ಪುಟದ ದರದಲ್ಲಲ್ಲ, ಮೊದಲ ಪುಟದ ವಿವರಣೆಯಲ್ಲಿ. ನಾವು ಕೊಳ್ಳುವ ವಸ್ತು ಏನು, ಎಲ್ಲಿಗೆ, ಯಾವಾಗ ಬರಬೇಕು ಎಂದು ಬರೆಯುವ ಎರಡು ಸಾಲು ಸರಿಯಿದ್ದರೆ ಉಳಿದದ್ದು ಸರಿ. ಅದು ಸಡಿಲವಾದರೆ ಎಂಥ ಕಂಪ್ಯೂಟರೂ ಸಡಿಲ ಸರಕನ್ನೇ ಅಗ್ಗವಾಗಿ ಕೊಡಿಸುತ್ತದೆ.

ಕೆಮ್ಮಣ್ಣಿನ ಮಾತನ್ನೇ ತೆಗೆದುಕೊಳ್ಳಿ. ಬೀದರ ನಗರ ಕೂತಿರುವುದೇ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಇಲ್ಲಿ ಕಾಲಿಟ್ಟಲ್ಲೆಲ್ಲ ಕೆಂಪು. ಭಾಲ್ಕಿ, ಔರಾದಗಳ ಬಹುಭಾಗ ಎರೆ ಭೂಮಿ. ತೊಗರಿಗೆ, ಜೋಳಕ್ಕೆ ಬಂಗಾರ, ನರ್ಸರಿ ಚೀಲಕ್ಕೆ ವೈರಿ. ಎರೆ ನೀರುಂಡರೆ ಅಂಟಾಗುತ್ತದೆ, ಒಣಗಿದರೆ ಬಿರಿದು ಕಲ್ಲಾಗುತ್ತದೆ. ಚೀಲದೊಳಗಿನ ಎಳೆ ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಹೀಗಾಗಿ ‘ಜರಡಿ ಹಿಡಿದ ಕೆಮ್ಮಣ್ಣು, ಘನ ಮೀಟರಿಗೆ ಇಷ್ಟು’ ಎಂಬ ಒಂದೇ ಸಾಲು ಬೀದರದಲ್ಲಿ ಒಂದು ವಸ್ತು, ಔರಾದದಲ್ಲಿ ಬೇರೆಯೇ ವಸ್ತು. ಅಲ್ಲಿ ಮಣ್ಣಿನ ಬೆಲೆಗಿಂತ ಅದನ್ನು ಹೊತ್ತು ತರುವ ದೂರದ ಬೆಲೆ ದೊಡ್ಡದು. ನಮ್ಮ ಕಚೇರಿಯ ಭಾಷೆಯಲ್ಲಿ ಅದಕ್ಕೆ ಲೀಡ್ ಎನ್ನುತ್ತಾರೆ.

2005ರ ಸುಮಾರಿನಲ್ಲಿ ಮೂರೂ ಕಡೆಯ ನರ್ಸರಿಗಳಿಗೆ ಸೇರಿಸಿ ಒಂದೇ ದರ ಕರೆದಿದ್ದರು. ಒಂದೇ ಒಂದು ಟ್ರ್ಯಾಕ್ಟರ್ ಇದ್ದ ಹುಡುಗನೊಬ್ಬ, ಅದೂ ಬ್ಯಾಂಕಿನ ಸಾಲದ್ದು, ಅಂದಾಜು ದರಕ್ಕಿಂತ ಬಹಳ ಕೆಳಗೆ ಬರೆದಿದ್ದ. ದೊಡ್ಡ ಗುತ್ತಿಗೆದಾರರ ನಡುವೆ ಹೇಗಾದರೂ ಕಾಲೂರಬೇಕೆಂಬ ಆಸೆ. ಔರಾದದ ಹತ್ತಿರವೇ ಎಲ್ಲಾದರೂ ಕೆಂಪು ಸಿಕ್ಕೀತು ಎಂಬುದು ಅವನ ಲೆಕ್ಕ. ಕಡಿಮೆ ದರ, ಕಾಗದ ಎಲ್ಲ ಸರಿ, ಕಾರ್ಯಾದೇಶ ಹೋಯಿತು. ಬೀದರದ ಮಣ್ಣು ಸಲೀಸಾಗಿ ಬಂತು. ಭಾಲ್ಕಿಯದು ಎಳೆದಾಡಿ ಬಂತು. ಔರಾದದ ಕಡೆ ಬಂದ ಮಣ್ಣು ಮೇಲೆ ಕೆಂಪಗೇ ಇತ್ತು.

ಚೀಲ ತುಂಬುವ ಹೆಂಗಸರಲ್ಲಿ ವಯಸ್ಸಾದ ಆಯಿಯೊಬ್ಬಳಿದ್ದಳು. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಹಿಡಿ ಮಣ್ಣು ತೆಗೆದಳು, ಮೇಲೆ ನೀರು ಚಿಮುಕಿಸಿ ಮುಷ್ಟಿ ಬಿಗಿ ಹಿಡಿದಳು, ಬಿಟ್ಟಳು. ಮಣ್ಣು ಉದುರಲಿಲ್ಲ, ಅಂಗೈಗೆ ಕಚ್ಚಿಕೊಂಡಿತು. ‘ಇದ್ರಾಗ ಎರಿ ಕೂಡ್ಯದ್ರಿ ಸಾಹೇಬ್ರ. ಸಸಿ ಉಸುರು ಕಟ್ಟಿ ಸಾಯ್ತಾವ’ ಎಂದಳು. ಟೆಂಡರಿನ ಅಷ್ಟು ಪುಟಗಳಲ್ಲಿ ಈ ಪರೀಕ್ಷೆ ಎಲ್ಲೂ ಇರಲಿಲ್ಲ.

ಆ ಹೊತ್ತಿನ ಇಕ್ಕಟ್ಟು ನೋಡಿ. ಮಣ್ಣು ತಿರಸ್ಕರಿಸಿದರೆ ಹುಡುಗನ ಭದ್ರತಾ ಠೇವಣಿ ಹೋಗುತ್ತದೆ, ಟ್ರ್ಯಾಕ್ಟರಿನ ಕಂತು ನಿಲ್ಲುತ್ತದೆ. ಒಪ್ಪಿಕೊಂಡರೆ ಅಳತೆ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, ಆಡಿಟ್ಟಿನವರೂ ಬೆರಳು ತೋರಿಸಲಾರರು. ಸಸಿಗಳು ಮಾತ್ರ ಸಾಯುತ್ತವೆ. ಸತ್ತ ಸಸಿಗೆ ಮಳೆಯ ಕೊರತೆ ಎಂದು ಷರಾ ಬರೆದರೆ ಮುಗಿಯಿತು. ಅಂದಿನ ನಮ್ಮ ಅಧಿಕಾರಿ ಆಯಿಯ ಮಾತನ್ನೇ ಪ್ರಮಾಣ ಮಾಡಿಕೊಂಡು ರಾಶಿಯನ್ನು ವಾಪಸು ಕಳಿಸಿದರು. ಬದಲಿ ತರಲು ಹದಿನೈದು ದಿನ ಹೆಚ್ಚುವರಿ ಕೊಟ್ಟರು. ಹುಡುಗ ಬೀದರದಿಂದಲೇ ಮಣ್ಣು ಹೊತ್ತು ತಂದ. ಬಿಲ್ಲಿನಲ್ಲಿ ಬಂದ ಹಣ ಡೀಸೆಲ್ಲಿಗೂ ಸಾಲಲಿಲ್ಲ. ಮರುವರ್ಷ ಅವನು ದರ ಹಾಕಲಿಲ್ಲ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಕೇಳಿದೆ. ‘ಮಣ್ಣಿಂದೇನೂ ತಪ್ಪಿಲ್ರಿ ಕಾಕಾ, ದರ ಬರ್ಯಾಕ ಹೋಗಿ ನಾನೇ ಮಣ್ಣಾದೆ’ ಎಂದು ನಕ್ಕ. ಟ್ರ್ಯಾಕ್ಟರ್ ಮಾರಿ ಆಗಿತ್ತು.

ಕಡಿಮೆ ದರ ಹಿಡಿದ ಸರ್ಕಾರಕ್ಕೆ ಅಲ್ಲಿ ಉಳಿದದ್ದೇನು? ಉಳಿದಂತೆ ಕಂಡ ಹಣ ಒಬ್ಬ ಹುಡುಗನ ಜೇಬಿನಿಂದ ಬಂದದ್ದು. ಮುಂದಿನ ಸಲ ಅವನ ಜಾಗದಲ್ಲಿ ದರ ಹಾಕಲು ಒಬ್ಬ ಕಡಿಮೆಯಾದ. ಹೀಗೆ ಒಬ್ಬೊಬ್ಬರೇ ಕಳಚಿಕೊಂಡರೆ ಕೊನೆಗೆ ಉಳಿಯುವವರು ಮೂವರೋ ನಾಲ್ವರೋ. ಆಗ ದರ ಹೇಳುವವರೂ ಅವರೇ.

ಆ ವರ್ಷದ ಪಾಠ ಮಾತ್ರ ವ್ಯರ್ಥವಾಗಲಿಲ್ಲ. ಮರುವರ್ಷದ ಪ್ರಕಟಣೆಯಲ್ಲಿ ಅಧಿಕಾರಿ ಒಂದೇ ಟೆಂಡರಿನೊಳಗೆ ಬೀದರ, ಭಾಲ್ಕಿ, ಔರಾದ ಎಂದು ಮೂರು ಬಾಬು ಮಾಡಿ ಬೇರೆ ಬೇರೆ ದರ ಕರೆದರು. ಮಣ್ಣಿನ ಮಾದರಿಯನ್ನು ಮೊದಲು ತಂದು ತೋರಿಸಬೇಕು, ಆ ಮಾದರಿ ನರ್ಸರಿಯಲ್ಲೇ ಇರಬೇಕು ಎಂಬ ಸಾಲು ಸೇರಿಸಿದರು. ಇಲ್ಲೊಂದು ಸೂಕ್ಷ್ಮವಿದೆ. ಟೆಂಡರ್ ಕರೆಯುವ ಮಿತಿಯಿಂದ ತಪ್ಪಿಸಿಕೊಳ್ಳಲು ಒಂದು ಕೆಲಸವನ್ನು ತುಂಡು ಮಾಡುವುದು ತಪ್ಪು, ಕಾನೂನಿಗೆ ವಿರುದ್ಧ. ಬಹಿರಂಗವಾಗಿ ಒಂದೇ ಟೆಂಡರಿನೊಳಗೆ ಊರಿಗೆ ತಕ್ಕಂತೆ ಬಾಬು ಮಾಡುವುದು ವಿವೇಕ. ಎರಡೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಕಳ್ಳನೂ ಕಾವಲುಗಾರನೂ ರಾತ್ರಿಯೇ ಎದ್ದಿರುವ ಹಾಗೆ.

ಇನ್ನು ಕಾಲದ ಮಾತು. ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಸಾಯುತ್ತದೆ. ರೈತನ ವರ್ಷ ಹುಟ್ಟುವುದು ಜೂನ್ 7–8ರ ಸುಮಾರಿಗೆ, ಮೃಗಶಿರಾ ಮಳೆ ಕೂಡಿದಾಗ. ನಮ್ಮ ಕಡೆ ಅದಕ್ಕೆ ಮಿರಗ ಎನ್ನುತ್ತಾರೆ. ಏಪ್ರಿಲಿನಲ್ಲಿ ಕ್ರಿಯಾ ಯೋಜನೆಗೆ ಮಂಜೂರಾತಿ ಸಿಕ್ಕಿ, ಪ್ರಕಟಣೆಗೆ ಒಂದು ತಿಂಗಳು ಹೋಗಿ, ತಾಂತ್ರಿಕ ಲಕೋಟೆ, ದರದ ಲಕೋಟೆ ಒಂದಾದ ಮೇಲೊಂದು ತೆರೆದು, ಕರಾರು ಪತ್ರವಾಗುವಷ್ಟರಲ್ಲಿ ಮಿರಗ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಸಸಿ ಸಾಗಿಸುವ ಲಾರಿ ಆಗಸ್ಟಿನಲ್ಲಿ ಬಂದರೆ ಅದರ ದರ ಎಷ್ಟು ಕಡಿಮೆಯಿದ್ದರೇನು? ಮಳೆಗೆ ಅವಧಿ ವಿಸ್ತರಣೆ ಕೇಳಲು ಬರುವುದಿಲ್ಲ. ಅದಕ್ಕೇ ಹಳೆಯ ಅನುಭವಿಗಳು ಲಾರಿಯ ಟೆಂಡರನ್ನು ಚಳಿಗಾಲದಲ್ಲೇ ಕರೆದು ಮುಗಿಸಿಬಿಡುತ್ತಿದ್ದರು. ಕಾನೂನು ಅಡ್ಡ ಬರುವುದಿಲ್ಲ, ಆಲಸ್ಯ ಅಡ್ಡ ಬರುತ್ತದೆ. ಆಮೇಲೆ ಅದೇ ಆಲಸ್ಯ ‘ತುರ್ತು’ ಎಂಬ ವೇಷ ಹಾಕಿ ಅಲ್ಪಾವಧಿ ಟೆಂಡರಾಗಿ ಪತ್ರಿಕೆಯಲ್ಲಿ ಬರುತ್ತದೆ. ಮಳೆಗಾಲ ಪ್ರತಿ ವರ್ಷ ಬರುವಂಥದ್ದು; ಅದು ಹೇಗೆ ತುರ್ತಾಯಿತು ಎಂದು ನಾವು ಓದುಗರು ಕೇಳುವುದಿಲ್ಲ.

ನಾವು ಹಣ ಕೊಡುವುದು ಯಾವುದಕ್ಕೆ ಎಂಬುದೂ ಯೋಚಿಸತಕ್ಕದ್ದು. ಟೆಂಡರಿನಲ್ಲಿ ಸರಕು ಬಂದು ಎಣಿಕೆಯಾದೊಡನೆ ಲೆಕ್ಕ ಮುಗಿಯುತ್ತದೆ. 2011–12ರಲ್ಲಿ ಅರಣ್ಯ ಇಲಾಖೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ತಂದಾಗ ಬೇರೆ ದಾರಿ ಹಿಡಿಯಿತು. ರೈತ ರಿಯಾಯಿತಿ ದರದಲ್ಲಿ ಸಸಿ ಒಯ್ಯಬೇಕು. ಹೊಲದಲ್ಲಿ ಬದುಕಿ ನಿಂತ ಸಸಿಗೆ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನ. ಸತ್ತದ್ದಕ್ಕೆ ಇಲ್ಲ. ಮಣ್ಣು ತರುವವನಿಗೆ ಮೂರು ವರ್ಷ ಕಾಯಿರಿ ಎನ್ನಲಾಗದು, ಅವನೂ ಬದುಕಬೇಕು. ಆದರೆ ಚೀಲ ತುಂಬುವವರ ಎದುರಿಗೆ ಒಂದು ಮುಷ್ಟಿ ಒತ್ತಿ ನೋಡುವಷ್ಟು ಹೊತ್ತಾದರೂ ಕಾಯಬಹುದಲ್ಲ?

ಈ ಬರಹ ಓದಿದವರಲ್ಲಿ ಇಲಾಖೆಯವರು ಇದ್ದರೆ ಒಂದು ಮಾತು. ಈ ವರ್ಷದ ಮಣ್ಣಿನ ಟೆಂಡರ್ ಬರೆಯುವ ಮುನ್ನ ನರ್ಸರಿಯ ಹೆಂಗಸರನ್ನು ಒಮ್ಮೆ ಕೇಳಿ. ಅವರಿಗೆ ಅದಕ್ಕೆ ಭತ್ಯೆ ಕೊಡಬೇಕಾಗಿಲ್ಲ, ಮೇಲಿನವರ ಅನುಮತಿ ಬೇಕಾಗಿಲ್ಲ. ಇಲಾಖೆಯವರಲ್ಲದಿದ್ದರೆ, ನಿಮ್ಮೂರಿನ ಮಟ್ಟಿಗೆ ಬಂದ ಪ್ರಕಟಣೆಯಲ್ಲಿ ಏನು ಬೇಕೆಂದು ಬರೆದಿದ್ದಾರೆ, ಯಾವಾಗ ಬೇಕೆಂದು ಬರೆದಿದ್ದಾರೆ, ಅಷ್ಟನ್ನು ಓದಿ. ದರ ಆಮೇಲೆ ನೋಡಿದರಾಯಿತು.