ನಕ್ಷೆಯೊಳಗಿನ ಸಣ್ಣ ಚೌಕಗಳು

ಲೋಂಡೆಯಂಥ ಕಾಡಿನ ನಡುವಿನ ಊರಿನಲ್ಲಿ ಕುಳಿತು ವಿಮಾನನಿಲ್ದಾಣದ ವಿಷಯವಾಗಿ ಬರೆಯಹೊರಟ ಈ ನಿವೃತ್ತ ಮಾಸ್ತರನನ್ನು ಕಂಡು ವಾಚಕರು ನಕ್ಕರೆ ಅದು ಅವರ ತಪ್ಪಲ್ಲ. ನಮ್ಮೂರನ್ನು ಹೊರಗಿನವರು ಬಲ್ಲದ್ದು ರೇಲ್ವೆಯಿಂದ. ಒಂದು ಹಾದಿಯು ಹುಬ್ಬಳ್ಳಿಗೆ, ಒಂದು ಬೆಳಗಾವಿಗೆ, ಮತ್ತೊಂದು ಕ್ಯಾಸಲ್‌ರಾಕ್ ಘಟ್ಟವನ್ನಿಳಿದು ಗೋವೆಗೆ ಹೋಗುವದು. ವಿಮಾನವನ್ನು ಹತ್ತಬೇಕಾದವರು ಖಾನಾಪುರ, ಬೆಳಗಾವಿಗಳನ್ನು ದಾಟಿ ಸಾಂಬ್ರಾಕ್ಕೆ ಹೋಗಬೇಕು. ನಾನು ಈ ಅರುವತ್ತು ವರ್ಷಗಳಲ್ಲಿ ಹತ್ತಿದ್ದು ಒಂದೇ ಸಲ. ಅದೂ ಮಗಳ ಒತ್ತಾಯಕ್ಕೆ. ಆದರೂ ಈ ವಿಷಯವು ನನ್ನ ಮನಸ್ಸನ್ನು ಹೊಕ್ಕು ಕುಳಿತಿರುವದಕ್ಕೆ ಒಂದು ಕಾರಣವುಂಟು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಈಗ ಅವನು ವಿಮಾನನಿಲ್ದಾಣಗಳ ನಕ್ಷೆಗಳನ್ನು ಸಿದ್ಧಪಡಿಸುವ ಉದ್ಯೋಗದಲ್ಲಿರುವನು. ಕುಶಲಪ್ರಶ್ನೆಗಳಾದ ಮೇಲೆ ಅವನು ಕೇಳಿದ್ದು ಒಂದು ಶಬ್ದವನ್ನು. ಯಾವದೋ ಒಂದು ನಿಲ್ದಾಣದ ಅಭಿವೃದ್ಧಿಯ ಯೋಜನೆಗೆ ತಿದ್ದುಪಡಿ ನಡೆದಿದೆಯಂತೆ. ಪ್ರವಾಸಿಗರ ಮುಖ್ಯಕಟ್ಟಡವನ್ನು ಬೆಳೆಸಬೇಕಾದ್ದರಿಂದ ಅದರ ಮಗ್ಗುಲಿನ ಅಗ್ನಿಶಾಮಕ ಠಾಣೆ, ವಿದ್ಯುತ್ತಿನ ಉಪಕೇಂದ್ರ, ಸಾಮಾನು ಎಳೆಯುವ ಗಾಡಿಗಳ ಕೊಟ್ಟಿಗೆ, ಕೆಲಸಗಾರರ ಊಟದ ಮನೆ, ವಿಶ್ರಾಂತಿಯ ಕೋಣೆ ಇವೆಲ್ಲವನ್ನೂ ಬೇರೆಡೆಗೆ ಸಾಗಿಸಬೇಕಾಗಿದೆ. ಸುತ್ತಲಿನ ಹಳ್ಳಿಯವರಿಗೆ ತಿಳಿಯುವಂತೆ ಕನ್ನಡದಲ್ಲಿ ಒಂದು ಟಿಪ್ಪಣಿಯನ್ನು ಬರೆಯಲು ಅವನಿಗೆ ಹೇಳಿದ್ದಾರೆ. “ಇವುಗಳಿಗೆಲ್ಲ ಒಟ್ಟಾಗಿ ಏನೆನ್ನಬೇಕು ಸರ್?” ಎಂದು ಅವನು ನಕ್ಷೆಯನ್ನು ಹಾಸಿಗೆಯ ಮೇಲೆ ಹರಡಿದನು. ನಡುವೆ ದೊಡ್ಡ ಕಟ್ಟಡ, ಅದರ ಮುಂದೆ ರನ್‌ವೇ ಎಂಬ ಉದ್ದನೆಯ ಓಟದ ಹಾದಿ. ಅಂಚಿನಲ್ಲಿ ಬೂದಿಬಣ್ಣದ ಸಣ್ಣ ಸಣ್ಣ ಚೌಕಗಳು.

ಸಂಸ್ಕೃತವನ್ನು ಕಲಿತವನಿಗೆ ಶಬ್ದವನ್ನು ಕೇಳುವದೆಂದರೆ ಹಸಿದವನಿಗೆ ಎಲೆ ಹಾಕಿದಂತೆ. “ಉಪಾಂಗಗಳು ಎನ್ನು” ಎಂದು ನಾನು ತಟ್ಟನೆ ಹೇಳಿದೆನು. ಹೇಳಿ, ಅಷ್ಟಕ್ಕೆ ಬಿಡದೆ, ಅಭ್ಯಾಸಬಲದಿಂದ ಪಾಠವನ್ನೂ ಆರಂಭಿಸಿದೆನು. ಜೈಮಿನಿಯ ಮೀಮಾಂಸೆಯಲ್ಲಿ ಶೇಷ, ಶೇಷಿ ಎಂಬ ವಿಭಾಗವುಂಟು. ಪರಾರ್ಥವಾಗಿ, ಅಂದರೆ ಇನ್ನೊಂದರ ಸಲುವಾಗಿ ಇರುವದು ಶೇಷ. ಯಾವದರ ಸಲುವಾಗಿ ಅದು ಇರುವದೋ ಅದು ಶೇಷಿ. ಯಜ್ಞದಲ್ಲಿ ಪ್ರಧಾನವಾದ ಆಹುತಿಯು ಒಂದಿದ್ದರೆ ಅದರ ಅಂಗಗಳಾದ ಚಿಕ್ಕ ಕರ್ಮಗಳು ಅನೇಕವಾಗಿರುವವು. ಆದರೆ ಅಂಗಗಳನ್ನು ಬಿಟ್ಟು ಪ್ರಧಾನವನ್ನಷ್ಟೇ ಮಾಡಿದವನಿಗೆ ಫಲವು ದೊರೆಯುವದಿಲ್ಲ. ಶೇಷವು ಚಿಕ್ಕದೆಂದು ಶಾಸ್ತ್ರವು ಎಲ್ಲಿಯೂ ಅದನ್ನು ಅವಗಣಿಸಿಲ್ಲ.

ಹುಡುಗನು ನಕ್ಕು, “ನಮ್ಮಲ್ಲಿಯೂ ಹಾಗೆಯೇ ಸರ್” ಎಂದನು. ಮುಂದಿನ ಪಾಠವನ್ನು ಅವನೇ ನನಗೆ ಮಾಡಿದನು.

ನಮ್ಮ ಸಾಂಬ್ರಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ವಿಮಾನದ ಬಯಲನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರ ವಾಯುದಳವು ಕಟ್ಟಿತು. ಅಲ್ಲಿಯ ರನ್‌ವೇಯು ಮೊದಲು 1830 ಮೀಟರು ಉದ್ದವಿದ್ದದ್ದು ಈಗ 2300 ಮೀಟರಾಗಿದೆ. 2017ರ ಸಪ್ಟಂಬರದಲ್ಲಿ ಹೊಸ ಕಟ್ಟಡವು ತೆರೆಯಿತು. ಅದೂ ಸಾಲದೆಂದು ಇನ್ನೂ ದೊಡ್ಡದೊಂದು ಕಟ್ಟಡಕ್ಕೆ 2024ರ ಮಾರ್ಚ 10ರಂದು ಅಸ್ತಿಭಾರವನ್ನಿಟ್ಟರು. ಹೀಗೆ ಪ್ರಧಾನವು ಬೆಳೆಯುತ್ತ ಹೋದಂತೆ ಅಂಗಗಳು ಇದ್ದಲ್ಲಿಯೇ ಇರಬಹುದೇ? ಇರಲಾರವೆಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು.

ನಾಗರಿಕ ವಿಮಾನಯಾನದ ಅಂತಾರಾಷ್ಟ್ರೀಯ ಸಂಸ್ಥೆಯು ಒಂದು ನಿಯಮವನ್ನು ಮಾಡಿದೆ. ರನ್‌ವೇಯ ಯಾವ ತುದಿಯಲ್ಲಿ ವಿಮಾನಕ್ಕೆ ಅಪಾಯವಾದರೂ ಬೆಂಕಿಯನ್ನಾರಿಸುವ ಬಂಡಿಯು ಮೂರು ನಿಮಿಷಗಳೊಳಗೆ ಅಲ್ಲಿ ತಲುಪತಕ್ಕದ್ದು. ಎರಡೇ ನಿಮಿಷಗಳಲ್ಲಿ ತಲುಪಿದರೆ ಉತ್ತಮ. ಅಗ್ನಿಶಾಮಕ ಠಾಣೆಯು 1830 ಮೀಟರಿನ ಹಾದಿಗೆ ಸರಿಯಾಗಿ ನಡುವೆ ನಿಂತಿತ್ತೆಂದು ಎಣಿಸಿರಿ. ಎರಡೂ ತುದಿಗಳು 915 ಮೀಟರು ದೂರ. ಈಗ ಒಂದೇ ತುದಿಗೆ 470 ಮೀಟರನ್ನು ಕೂಡಿಸಿದರೆ ಆ ತುದಿಯು 1385 ಮೀಟರು ದೂರವಾಯಿತು. ಗಂಟೆಗೆ ಅರುವತ್ತು ಕಿಲೋಮೀಟರು ವೇಗದ ಬಂಡಿಗೆ ಇದು ಇಪ್ಪತ್ತೆಂಟು ಸೆಕೆಂಡುಗಳ ಹೆಚ್ಚಿನ ಹಾದಿ. ನಮಗೆ ಇಪ್ಪತ್ತೆಂಟು ಸೆಕೆಂಡುಗಳೆಂದರೆ ಚಹದ ಬಟ್ಟಲನ್ನು ಕೆಳಗಿಡುವಷ್ಟು ಹೊತ್ತು. ಉರಿಯುವ ವಿಮಾನದಲ್ಲಿ ಕುಳಿತವನಿಗೆ ಅದು ಎಷ್ಟೆಂಬುದನ್ನು ವಾಚಕರೇ ಊಹಿಸಬೇಕು. ಆದುದರಿಂದ ಹಾದಿಯು ಬೆಳೆದರೆ ಠಾಣೆಯ ಸ್ಥಾನವನ್ನು ಮತ್ತೆ ಎಣಿಸಲೇ ಬೇಕು. ಇನ್ನು ಠಾಣೆಯನ್ನಾಗಲಿ ಕೊಟ್ಟಿಗೆಯನ್ನಾಗಲಿ ಮನಬಂದಲ್ಲಿ ಇಡುವಂತೆಯೂ ಇಲ್ಲ. ದೊಡ್ಡ ವಿಮಾನಗಳು ಬರುವ ನಿಲ್ದಾಣದಲ್ಲಿ ರನ್‌ವೇಯ ಇಕ್ಕೆಲಗಳಲ್ಲಿ ಬಯಲನ್ನು ಬಿಟ್ಟು, ಆ ಬಯಲಿನಂಚಿನಿಂದ ಏಳು ಮೀಟರು ಸರಿದರೆ ಒಂದು ಮೀಟರು ಎತ್ತರ ಎಂಬ ಪ್ರಮಾಣದಲ್ಲಿ ಕಟ್ಟಡಗಳ ತಲೆಗೆ ಮಿತಿಯನ್ನು ಹಾಕಿದ್ದಾರೆ. ನಿಯಂತ್ರಣ ಗೋಪುರದಲ್ಲಿ ಕುಳಿತವನ ಕಣ್ಣಿಗೆ ಏನೂ ಅಡ್ಡ ಬರಬಾರದು. ಇಂಧನದ ಭಂಡಾರವು ಜನರಿಂದ ದೂರವಿದ್ದು ವಿಮಾನಗಳಿಗೆ ಸಮೀಪವಿರಬೇಕು.

ಇದನ್ನೆಲ್ಲ ಕೇಳುತ್ತ ನನಗೆ ನಮ್ಮ ಘಟ್ಟದ ನೆನಪಾಯಿತು. ಕ್ಯಾಸಲ್‌ರಾಕಿನಿಂದ ಕುಳೆಯವರೆಗಿನ ರೇಲ್ವೆಯ ಹಾದಿಯು ಮೂವತ್ತೇಳು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದು. ಗೋವೆಯಿಂದ ಬರುವ ಭಾರದ ಗಾಡಿಯನ್ನು ಹಿಂದಿನಿಂದ ತಳ್ಳಲು ಬೇರೆ ಇಂಜಿನುಗಳು ಬೇಕು. ಅವು ಕಾಯುವದು ಘಟ್ಟದ ಬುಡದ ಕುಳೆಯಲ್ಲಿ; ದೊಡ್ಡ ಊರಾದ ಹುಬ್ಬಳ್ಳಿಯಲ್ಲಿ ಅಲ್ಲ. ಏರು ಎಲ್ಲಿಯೋ ತಳ್ಳುವವನು ಅಲ್ಲಿಯೇ. ಸಹಾಯದ ಸ್ಥಾನವನ್ನು ಗೊತ್ತುಪಡಿಸತಕ್ಕದ್ದು ಯಜಮಾನನ ಅನುಕೂಲವಲ್ಲ, ಕೆಲಸದ ಸ್ವಭಾವ.

ಹುಡುಗನ ನಕ್ಷೆಯು ಈ ಪರೀಕ್ಷೆಗಳಲ್ಲೆಲ್ಲ ಉತ್ತೀರ್ಣವಾಗಿತ್ತು. ಬೆಂಕಿಯ ಬಂಡಿಯ ನಿಮಿಷಗಳನ್ನು ಅವನು ಎಣಿಸಿದ್ದನು. ಕಟ್ಟಡಗಳ ಎತ್ತರವನ್ನು ಅಳೆದಿದ್ದನು. ಆದರೆ ಆ ಬೂದಿಬಣ್ಣದ ಚೌಕಗಳನ್ನು ನೋಡುತ್ತಿದ್ದಂತೆ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಏಕೆಂದರೆ ಅಂಥದೊಂದು ಚೌಕವನ್ನು ನಾನೂ ಒಮ್ಮೆ ಸರಿಸಿದವನು.

2009ನೆಯ ಇಸವಿಯ ಮಾತು. ನಾನಾಗ ಖಾನಾಪುರ ತಾಲೂಕಿನ ಒಂದು ಶಾಲೆಯ ಮುಖ್ಯಾಧ್ಯಾಪಕನಾಗಿದ್ದೆನು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು ನಮ್ಮ ಭಾಗಕ್ಕೂ ಬಂದು ಕೆಲವು ವರ್ಷಗಳಾಗಿದ್ದವು. ಅಡಿಗೆಯ ಕೋಣೆಯು ವರಾಂಡಕ್ಕೆ ಹತ್ತಿಕೊಂಡೇ ಇತ್ತು. ಹಸಿ ಸೌದೆಯ ಹೊಗೆಯು ಏಳನೆಯ ಇಯತ್ತೆಯ ಕೋಣೆಯನ್ನು ಹೊಗುತ್ತಿತ್ತು; ಮಕ್ಕಳು ಕೆಮ್ಮುತ್ತಿದ್ದರು. ಶಾಲೆಗೆ ಎರಡು ಹೊಸ ಕೋಣೆಗಳು ಮಂಜೂರಾದಾಗ ನಾನು ಚೌಕುಳಿಯ ಕಾಗದದ ಮೇಲೆ ನಕ್ಷೆಯನ್ನು ಬರೆದು, ಅಡಿಗೆಯ ಕೋಣೆಯನ್ನು ಹಿತ್ತಲಿನ ಮೂಲೆಗೆ ಒಯ್ದೆನು. ವಾಸ್ತುವಿನ ಪ್ರಕಾರವೂ ಅದು ಆಗ್ನೇಯ! ಬಂದವರೆಲ್ಲರಿಗೂ ಆ ನಕ್ಷೆಯನ್ನು ತೋರಿಸಿ ಹೊಗಳಿಸಿಕೊಂಡೆನು.

ಅಡಿಗೆಯ ಬಾಯಿಯು ಮಾತ್ರ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು. “ಸರ, ಮಳಿಗಾಲದಾಗ ಹೆಂಗರಿ?” ನಾನು ತಲೆಯನ್ನೆತ್ತದೆ, “ನಾಲ್ಕು ಹೆಜ್ಜೆ ಅಷ್ಟೇ ಬಾಯಿ” ಎಂದೆನು. ಆಕೆಯು ಸುಮ್ಮನೆ ಹೋದಳು.

ನಮ್ಮ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಜುಲೈ ತಿಂಗಳಿನಲ್ಲಿ ಕೆಂಪು ಮಣ್ಣಿನ ಆ ಇಳಿಜಾರು ಸಾಬೂನಿನಂತಾಗಿತ್ತು. ಒಂದು ದಿನ ಕುದಿಯುವ ಸಾರಿನ ಪಾತ್ರೆಯನ್ನು ಹೊತ್ತು ಬರುತ್ತಿದ್ದ ಆಕೆಯು ಜಾರಿ ಬಿದ್ದಳು. ದೇವರ ದಯೆಯಿಂದ ಹತ್ತಿರ ಮಕ್ಕಳಾರೂ ಇರಲಿಲ್ಲ. ಆಕೆಯ ಎಡಗೈ ಮೊಣಕೈವರೆಗೂ ಬೆಂದಿತು, ಪಾದವೂ ಸುಟ್ಟಿತು. ಖಾನಾಪುರದ ಆಸ್ಪತ್ರೆಗೆ ಒಯ್ಯುವಾಗ ಬಂಡಿಯಲ್ಲಿ ನಾನು ಆಕೆಯ ಮಗ್ಗುಲಿಗೆ ಕುಳಿತಿದ್ದೆನು. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆಯು ಬಯ್ಯಲಿಲ್ಲ. ನೋವಿನ ನಡುವೆ ತನ್ನಷ್ಟಕ್ಕೆ ತಾನೇ ಎಂಬಂತೆ, “ದಿನಾ ಎಣಿಸ್ತಿದ್ದೆ ಸರ. ಐವತ್ತೆರಡು ಹೆಜ್ಜಿ” ಎಂದಳು.

ನಾನು ನಾಲ್ಕು ಎಂದಿದ್ದೆನು. ಗಣಿತವನ್ನು ಹೇಳಿಕೊಡುವ ಮಾಸ್ತರನು ನಾಲ್ಕು ಎಂದಿದ್ದೆನು. ಅಕ್ಷರವನ್ನು ಕಲಿಯದ ಆಕೆಯು ಐವತ್ತೆರಡನ್ನು ಎಣಿಸಿದ್ದಳು. ಮೂಗಿಗೆ ಹೊಗೆ ಬಂದವರ ದೂರನ್ನು ಕೇಳಿ ನಕ್ಷೆಯನ್ನು ತಿದ್ದಿದ ನನಗೆ, ಪಾತ್ರೆ ಹೊರುವವಳನ್ನು ಕೇಳಬೇಕೆಂದು ತೋರಲಿಲ್ಲ. ಕೇಳದೆಯೇ ಆಕೆ ಬಂದು ಹೇಳಿದಾಗಲೂ ನಾನು ಕಿವಿಗೊಡಲಿಲ್ಲ.

ಆ ವರ್ಷದ ದೀಪಾವಳಿಯ ಒಳಗೆ ನಕ್ಷೆಯನ್ನು ಎರಡನೆಯ ಸಲ ತಿದ್ದಿದೆವು. ಅಡಿಗೆಯು ಮತ್ತೆ ವರಾಂಡದ ಮಗ್ಗುಲಿಗೆ ಬಂದಿತು. ಹೊಗೆಗೆ ಎತ್ತರವಾದ ಚಿಮಣಿಯನ್ನು ಕಟ್ಟಿಸಿದೆವು. ಆ ಕಡೆಯ ಒಂದು ಕಿಟಕಿಯನ್ನು ಮುಚ್ಚಿ ಬೇರೆ ಗೋಡೆಯಲ್ಲಿ ತೆರೆದೆವು. ಈ ಸಲ ನಾನು ಆಕೆಯನ್ನು ಕರೆದು, ಬಾಗಿಲು ಎಲ್ಲಿರಬೇಕು, ನೀರಿನ ತೊಟ್ಟಿ ಎಲ್ಲಿರಬೇಕು ಎಂದು ಕೇಳಿಯೇ ಗೆರೆಯನ್ನೆಳೆದೆನು. ಇದಕ್ಕೆ ತಗುಲಿದ ವೆಚ್ಚವು ಮೊದಲನೆಯದರ ಅರ್ಧವೂ ಅಲ್ಲ. ಮೊದಲೇ ಕೇಳಿದ್ದರೆ ಎರಡೂ ವೆಚ್ಚಗಳು ಉಳಿಯುತ್ತಿದ್ದವು. ಆಕೆಯ ಕೈಯ ಮೇಲಿನ ಕಲೆಯು ಮಾತ್ರ ಯಾವ ತಿದ್ದುಪಡಿಯಿಂದಲೂ ಹೋಗಲಿಲ್ಲ.

ಈ ಕಥೆಯನ್ನು ನಾನು ಹುಡುಗನಿಗೆ ಹೇಳಿದೆನು. ಅವನೂ ಆ ಶಾಲೆಯಲ್ಲಿಯೇ ಕಲಿತವನು, ಆಕೆಯ ಕೈಯಿಂದ ಉಂಡವನು. ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ನಾನು ಒಂದು ಚೌಕದ ಮೇಲೆ ಬೆರಳನ್ನಿಟ್ಟು, “ಇದು ಏನು?” ಎಂದೆನು. ಸಾಮಾನು ಹೊರುವವರ ವಿಶ್ರಾಂತಿಯ ಕೋಣೆ ಮತ್ತು ಶೌಚಗೃಹ. ಮೊದಲು ಅದು ವಿಮಾನಗಳು ನಿಲ್ಲುವ ಅಂಗಳದ ಮಗ್ಗುಲಿಗೇ ಇತ್ತು. ಈಗ ಉಳಿದೆಲ್ಲವುಗಳ ಸಂಗಡ ದೂರದ ಮೂಲೆಗೆ ಹೋಗಿತ್ತು. “ಎಷ್ಟು ಹೆಜ್ಜೆ?” ಅವನು ಅಳತೆಪಟ್ಟಿಯನ್ನು ತೆಗೆಯಹೋದನು. “ಮೀಟರು ಬೇಡ, ಹೆಜ್ಜೆ ಹೇಳು. ವೈಶಾಖದ ಬಿಸಿಲಿನಲ್ಲಿ, ಕಾಂಕ್ರೀಟಿನ ಮೇಲೆ, ಎರಡು ವಿಮಾನಗಳ ನಡುವೆ ದೊರೆಯುವ ಬಿಡುವಿನಲ್ಲಿ ಹೋಗಿ ಬರಲಾದೀತೇ?” ಬೆಂಕಿಯ ಬಂಡಿಗೆ ನಿಮಿಷಗಳನ್ನು ಗೊತ್ತುಪಡಿಸಿದ ನಿಯಮವುಂಟು, ಮನುಷ್ಯನ ಈ ನಡಿಗೆಯನ್ನು ಅವನು ಎಣಿಸಿರಲಿಲ್ಲ. ಯಾರೂ ಅವನನ್ನು ಕೇಳಿಯೂ ಇರಲಿಲ್ಲ.

ಯೋಜನೆಯನ್ನು ತಿದ್ದುವದು ತಪ್ಪೆಂದು ನಾನು ಹೇಳುತ್ತಿಲ್ಲ. ತಿದ್ದದೆ ನಡೆಯುವಂತೆಯೂ ಇಲ್ಲ. ಮಂಗಳೂರಿನಲ್ಲಿ ಬಜ್ಪೆಯ ಬದಿಯಲ್ಲಿದ್ದ ಪ್ರವಾಸಿಗರ ಕಟ್ಟಡವು 2010ರಲ್ಲಿ ಕೆಂಜಾರಿನ ಬದಿಗೆ ಹೋಯಿತು. ಬೆಂಗಳೂರಿನ ದೇವನಹಳ್ಳಿಯಲ್ಲಿ 2023ರ ಸಪ್ಟಂಬರ 12ರಂದು ವಿದೇಶದ ಪ್ರಯಾಣವೆಲ್ಲವೂ ಹಳೆಯ ಕಟ್ಟಡದಿಂದ ಎರಡನೆಯ ಕಟ್ಟಡಕ್ಕೆ ಸಾಗಿತು. ಹಾಗೆ ಸಾಗುವಾಗ ಸುಂಕದವರು, ಸಾಮಾನಿನವರು, ಕಸಗುಡಿಸುವವರು ಎಲ್ಲರ ಕಾಲುಗಳೂ ಹೊಸ ಹಾದಿಯನ್ನು ಕಲಿಯಬೇಕಾಗುವದು. ಪ್ರವಾಸಿಗನು ಆ ಹಾದಿಯನ್ನು ವರ್ಷಕ್ಕೊಮ್ಮೆ ನಡೆಯುವನು. ಅವರು ದಿನಕ್ಕೆ ಹತ್ತು ಸಲ ನಡೆಯುವರು. ನಾನು ಹೇಳುವದು ಇಷ್ಟೇ. ಕಾಗದದ ಮೇಲಿನ ಚೌಕವು ಬೆರಳಿನ ಒಂದು ತಳ್ಳಿಗೆ ಸರಿಯುವದು. ನೆಲದ ಮೇಲೆ ಆ ದೂರವನ್ನು ಯಾರಾದರೊಬ್ಬರು ದಿನವೂ ಹೊರಬೇಕಾಗುವದು. ಹೊರುವವರನ್ನು ಮೊದಲು ಕೇಳಿ ಬಳಿಕ ಸರಿಸತಕ್ಕದ್ದು.

ಹೊರಡುವಾಗ ಹುಡುಗನು ಮತ್ತೆ ಶಬ್ದದ ವಿಷಯವನ್ನೆತ್ತಿದನು. “ಉಪಾಂಗ ಎಂದೇ ಬರೆಯಲೇ ಸರ್?” ನಾನು ಯೋಚಿಸಿದೆನು. ‘ಉಪ’ ಎಂಬುದಕ್ಕೆ ನಾವೆಲ್ಲ ಕೆಳಗಿನದು, ಕಡಿಮೆಯದು ಎಂಬರ್ಥವನ್ನು ರೂಢಿ ಮಾಡಿಕೊಂಡಿದ್ದೇವೆ. ಅದರ ಮೊದಲನೆಯ ಅರ್ಥವು ‘ಸಮೀಪ’. ಮೂವತ್ತು ವರ್ಷ ಮಕ್ಕಳಿಗೆ ಈ ಉಪಸರ್ಗವನ್ನು ಕಲಿಸಿದ ನಾನು ಅದರ ಅರ್ಥವನ್ನು ಆ ಜುಲೈ ತಿಂಗಳಿನಲ್ಲಿಯೇ ಸರಿಯಾಗಿ ತಿಳಿದದ್ದು. “ಬರೆ. ಆದರೆ ಉಪ ಎಂದರೆ ಸಮೀಪವೆಂಬುದನ್ನು ಮರೆಯಬೇಡ” ಎಂದೆನು.

ಹದಿನೈದು ದಿನಗಳ ಮೇಲೆ ಅವನು ದೂರವಾಣಿಯಲ್ಲಿ ಮಾತಾಡಿದನು. ಆ ನಿಲ್ದಾಣಕ್ಕೆ ಹೋಗಿ, ಸಾಮಾನು ಹೊರುವವರ ಸಂಗಡ ಮಧ್ಯಾಹ್ನದಲ್ಲಿ ನಡೆದು ಎಣಿಸಿದನಂತೆ: ಹೋಗಲಿಕ್ಕೆ ಆರುನೂರ ಹತ್ತು ಹೆಜ್ಜೆ. ವಿಶ್ರಾಂತಿಯ ಕೋಣೆಯನ್ನೂ ಶೌಚಗೃಹವನ್ನೂ ಅಂಗಳದ ಸಮೀಪದಲ್ಲಿಯೇ ಉಳಿಸಬೇಕೆಂದು ಮೇಲಿನವರಿಗೆ ಬರೆದು ಕೊಟ್ಟಿರುವನು. ಅವರು ಒಪ್ಪುವರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಮರುದಿನ ನಾನು ಬಸ್ಸನ್ನು ಹತ್ತಿ ಆ ಹಳ್ಳಿಗೆ ಹೋಗಿ ಬಂದೆನು. ಬಾಯಿಯು ಈಗ ಮುದುಕಿಯಾಗಿದ್ದಾಳೆ. ಸೊಸೆಯ ಅಡಿಗೆಯನ್ನು ಉಣ್ಣುತ್ತಾಳೆ. ಹುಡುಗನ ಸುದ್ದಿಯನ್ನು ಹೇಳಿದೆನು. ವಿಮಾನನಿಲ್ದಾಣವೆಂದರೇನೆಂದು ಆಕೆಯು ಹೆಚ್ಚಾಗಿ ಕೇಳಲಿಲ್ಲ. “ಆರನೂರಾ? ಭಾಳ ಆತರಿ” ಎಂದಳು.

ಮನೆಯನ್ನು ಕಟ್ಟಿಸುವ, ಕೆಡವಿಸುವ, ಬಚ್ಚಲನ್ನೂ ಒಲೆಯನ್ನೂ ಸರಿಸುವ ಯೋಚನೆಯಲ್ಲಿರುವ ಗೃಹಸ್ಥರಲ್ಲಿ ನನ್ನದೊಂದೇ ವಿಜ್ಞಾಪನೆ. ಗೌಂಡಿಯನ್ನು ಕರೆಯುವ ಮುಂಚೆ, ಕೊಡವನ್ನು ಹೊರುವವರನ್ನು ಕರೆದು ಕೇಳಿರಿ.